ಪಾಠದಲ್ಲಿ ಹೀಗೆ ಹೇಳಿದೆ

ಆ ಹುಡುಗಿ ಓದುವುದನ್ನು ಕೇಳಲು ಪಕ್ಕದ ತರಗತಿಯ ಮೇಷ್ಟ್ರು ಕೂಡ ಒಮ್ಮೊಮ್ಮೆ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು. ಏಳನೇ ತರಗತಿಯ ನಲವತ್ತಾರು ಮಕ್ಕಳಲ್ಲಿ ಅವಳಷ್ಟು ಸ್ಪಷ್ಟವಾಗಿ, ಎಲ್ಲೂ ತಡವರಿಸದೆ, ಒಂದು ಮಹಾಪ್ರಾಣವನ್ನೂ ನುಂಗದೆ ಓದುವವರು ಬೇರೆ ಇರಲಿಲ್ಲ. ಪುಟ್ಟೇನಹಳ್ಳಿಯ ಹಳೆಯ ಒಕ್ಕಲು ಮನೆಯ ಹುಡುಗಿ. ಅಪ್ಪ ಅಮ್ಮ ಇಬ್ಬರಿಗೂ ಹೆಬ್ಬೆಟ್ಟೇ ಸಹಿ. ಅಜ್ಜಿಯಂತೂ ಪುಸ್ತಕವನ್ನು ಮುಟ್ಟಿದರೆ ಎಲ್ಲಿ ಕೊಳೆಯಾಗುತ್ತದೋ ಎಂದು ಕೈ ಒರೆಸಿಕೊಂಡು ಮುಟ್ಟುತ್ತಿದ್ದರಂತೆ. ಅಂಥ ಮನೆಯಿಂದ ಬಂದು ಹಾಗೆ ಓದುವ ಮಗುವನ್ನು ತಯಾರು ಮಾಡಿದವಳು ನಾನು ಎಂಬ ಹೆಮ್ಮೆ ನನ್ನಲ್ಲಿತ್ತು, ಮುಚ್ಚಿಟ್ಟುಕೊಳ್ಳುವುದೇಕೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಜಯನಗರದಲ್ಲಿ ಬಸ್ಸು ಹತ್ತಿ, ಇಳಿದ ಮೇಲೆ ಅರ್ಧ ಮೈಲಿ ಮಣ್ಣುರಸ್ತೆಯಲ್ಲಿ ನಡೆದು ಶಾಲೆ ಸೇರುತ್ತಿದ್ದೆ. ಜೆ.ಪಿ. ನಗರದ ಆ ಕೊನೆಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ತರಗತಿಯಲ್ಲಿ ಅರ್ಧ ಮಕ್ಕಳು ಹಳ್ಳಿಯವರು. ಇನ್ನರ್ಧ ಹೊಸ ಮನೆ ಕಟ್ಟಿಕೊಂಡು ಬಂದ ನೌಕರಿಯವರ ಮಕ್ಕಳು. ಬೆಂಚುಗಳಲ್ಲೂ ಅವರು ಹಾಗೇ ಎರಡು ಭಾಗವಾಗಿ ಕೂರುತ್ತಿದ್ದರು. ನಾನು ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ಉಪಪಠ್ಯದಲ್ಲಿ ನಗರ ಬೆಳೆದ ಬಗೆಯನ್ನು ಹೇಳುವ ಪಾಠ ಬಂತು. ಆ ಹುಡುಗಿಯನ್ನೇ ಎಬ್ಬಿಸಿ ಓದಿಸಿದೆ. ನಗರದ ದಕ್ಷಿಣಕ್ಕೆ ಮೊದಲು ಬರೀ ಬರಡು ಭೂಮಿಯಿತ್ತು, ಅಲ್ಲಿ ಯಾರೂ ಇರಲಿಲ್ಲ, ಈಗ ಅಲ್ಲಿ ಸುಂದರವಾದ ಬಡಾವಣೆಗಳು ಎದ್ದಿವೆ ಎಂದು ಪಾಠ ಹೇಳುತ್ತಿತ್ತು. ಅವಳು ಅಲ್ಪವಿರಾಮಕ್ಕೆ ಅಲ್ಪ, ಪೂರ್ಣವಿರಾಮಕ್ಕೆ ಪೂರ್ಣ ನಿಲ್ಲಿಸಿ ಓದಿ ಮುಗಿಸಿದಳು. ನಾನು ಎಂದಿನಂತೆ ಪ್ರಶ್ನೆ ಕೇಳಿದೆ. ನಮ್ಮ ಈ ಜಾಗದಲ್ಲಿ ಮೊದಲು ಏನಿತ್ತು?

"ಬರಡು ಭೂಮಿ ಇತ್ತು ಮಿಸ್."

ಸರಿ ಎಂದು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗಬೇಕಿದ್ದವಳು ಅಲ್ಲೇ ನಿಂತೆ. ಶಾಲೆಯ ಹಿಂದೆ ಈಗ ಬೀದಿಯಿರುವ ಜಾಗದಲ್ಲಿ ಅವಳ ಅಜ್ಜಿ ಮೂವತ್ತು ವರ್ಷ ರಾಗಿ, ಅವರೆ, ಹೂವು ಬೆಳೆದಿದ್ದರು. ಅದು ನನಗೆ ಗೊತ್ತಿದ್ದದ್ದೇ ಈ ಹುಡುಗಿಯಿಂದ. ಐದನೇ ತರಗತಿಯಲ್ಲಿದ್ದಾಗ ಅವಳು ಒಂದು ಪ್ರಬಂಧದಲ್ಲಿ ಆ ಹೊಲದ ಬಗ್ಗೆ ಬರೆದಿದ್ದಳು. ಈಗ ಅದೇ ಬಾಯಿ ಬರಡು ಭೂಮಿ ಎನ್ನುತ್ತಿದೆ, ಅದೂ ಒಂಚೂರು ಅನುಮಾನವಿಲ್ಲದೆ. ನಿಮ್ಮ ಅಜ್ಜಿಯ ಹೊಲ ಎಲ್ಲಿತ್ತು ಎಂದು ಕೇಳಿದೆ. ಇಲ್ಲೇ ಹಿಂದೆ ಎಂದಳು. ಹಾಗಾದರೆ ಇಲ್ಲಿ ಏನಿತ್ತು ಎಂದೆ. ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪುಸ್ತಕ ನೋಡಿದಳು.

"ಬರಡು ಭೂಮಿ ಅಂತಾನೇ ಇದೆ ಮಿಸ್" ಎಂದಳು ಮೆಲ್ಲಗೆ.

ಆ ಸಂಜೆ ಬಸ್ಸಿನಲ್ಲಿ ನನಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಹನ್ನೊಂದು ವರ್ಷದಿಂದ ಮಕ್ಕಳಿಗೆ ಓದು ಕಲಿಸುತ್ತಿದ್ದೆ. ನಾನು ಕಲಿಸಿದ್ದು ಇದನ್ನೇ ಏನು? ಅಚ್ಚಾದ ಒಂದು ಸಾಲು ಎದುರಿಗೆ ಬಂದರೆ ಅಜ್ಜಿಯ ಹೊಲ ಕಣ್ಣಿಂದ ಮಾಯವಾಗುವಂಥ ಓದನ್ನು? ಮನೆಗೆ ಬಂದವಳೇ ಒಂದು ಹೊಸ ನೋಟ್ ಪುಸ್ತಕ ತೆಗೆದು ಮೊದಲ ಪುಟದಲ್ಲಿ, ಈ ವರ್ಷ ಮುಗಿಯುವುದರೊಳಗೆ ಈ ಮಕ್ಕಳು ಓದಿದ್ದನ್ನು ಪ್ರಶ್ನಿಸುವಂತಾಗಬೇಕು, ಹೇಗೆ ಎಂದು ಗೊತ್ತಿಲ್ಲ, ಎಂದು ಬರೆದೆ.

ನಿಜವಾಗಿಯೂ ಗೊತ್ತಿರಲಿಲ್ಲ. ಮೊದಲ ತಿಂಗಳು ನಾನು ಮಾಡಿದ್ದೆಲ್ಲ ಕೆಟ್ಟಿತು. ಪ್ರತಿ ಪಾಠದ ಕೊನೆಗೆ, ಇದು ನಿಜವಾ ಎಂದು ಕೇಳತೊಡಗಿದೆ. ಹೌದು ಎಂದು ಒಟ್ಟಿಗೆ ಕೂಗುತ್ತಿದ್ದರು. ನಾನು ಹುಬ್ಬು ಏರಿಸಿದರೆ ಇಲ್ಲ ಎಂದು ಒಟ್ಟಿಗೆ ಕೂಗುತ್ತಿದ್ದರು. ಅವರು ಪಾಠವನ್ನಲ್ಲ, ನನ್ನ ಮುಖವನ್ನು ಓದುತ್ತಿದ್ದರು. ಅದನ್ನು ಮಾತ್ರ ಎಲ್ಲರೂ ಚೆನ್ನಾಗಿ ಓದಬಲ್ಲವರಾಗಿದ್ದರು. ನೋಟ್ ಪುಸ್ತಕದ ಆ ವಾರದ ಪುಟದಲ್ಲಿ, ಪ್ರಶ್ನೆ ಕೇಳುವಾಗ ಮುಖ ಬೇರೆ ಕಡೆ ತಿರುಗಿಸಬೇಕು, ಎಂದು ಬರೆದುಕೊಂಡಿದ್ದೇನೆ.

ಆಮೇಲೆ ಕರಪತ್ರಗಳನ್ನು ತಂದೆ. ಜಯನಗರದ ಕಾಂಪ್ಲೆಕ್ಸಿನ ಮುಂದೆ ದಾರಿಹೋಕರ ಕೈಗೆ ತುರುಕುತ್ತಿದ್ದರಲ್ಲ, ಅಂಥವು. ಹದಿನೈದು ದಿನಕ್ಕೆ ಮೊಣಕಾಲುದ್ದ ಕೂದಲು ಬೆಳೆಸುವ ಎಣ್ಣೆ, ಯಾವ ರೋಗಕ್ಕಾದರೂ ಆಗುವ ಚೂರ್ಣ. ಇವುಗಳ ಮೇಲೆ ಮಕ್ಕಳು ಮುಗಿಬಿದ್ದರು. ಇದನ್ನು ಬರೆದವರು ಯಾರು, ಬರೆದದ್ದರಿಂದ ಅವರಿಗೇನು ಸಿಗುತ್ತದೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಎಂಬ ಮೂರು ಪ್ರಶ್ನೆ ಬೋರ್ಡಿನ ಮೇಲೆ ಬರೆದರೆ ಸಾಕು, ಚೂರ್ಣದವನ ಮರ್ಯಾದೆ ಅರ್ಧ ಗಂಟೆಯಲ್ಲಿ ಹರಾಜು. ನಾನು ಗೆದ್ದೆ ಎಂದುಕೊಂಡೆ. ಅದೇ ಮೂರು ಪ್ರಶ್ನೆಗಳನ್ನು ಉಪಪಠ್ಯದ ಮೇಲೆ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ ಒಬ್ಬಳು ನನಗೇ ತಿಳಿಹೇಳುವಂತೆ, ಅದು ಪಾಂಪ್ಲೆಟ್ಟು, ಇದು ಪುಸ್ತಕ ಮಿಸ್, ಎಂದಳು.

ಹಾಗಾಗಿ ಮೂರನೆಯ ದಾರಿ ಹಿಡಿದೆ. ನಾನೇ ಒಂದು ಪುಟ ಬರೆದೆ. ನಮ್ಮ ಶಾಲೆ ಎಂದು ಶೀರ್ಷಿಕೆ. ಕಾರ್ಬನ್ ಹಾಳೆ ಇಟ್ಟು, ಕೈ ನೋಯುವಷ್ಟು ಒತ್ತಿ, ಬೆಂಚಿಗೊಂದರಂತೆ ಪ್ರತಿ ಮಾಡಿದೆ. ನಮ್ಮ ಶಾಲೆಯ ಅಂಗಳದಲ್ಲಿ ಎರಡು ತೆಂಗಿನ ಮರಗಳಿವೆ. ಏಳನೇ ತರಗತಿಯ ಹುಡುಗಿಯರಿಗೆ ಆಟವೆಂದರೆ ಇಷ್ಟವಿಲ್ಲ, ಅವರು ನೆರಳಿನಲ್ಲಿ ಕುಳಿತು ಮಾತಾಡುತ್ತಾರೆ. ಹಳ್ಳಿಯ ಕಡೆಯ ಮಕ್ಕಳು ಬೆಳಿಗ್ಗೆ ಶಾಲೆಗೆ ತಡವಾಗಿ ಬರುತ್ತಾರೆ. ಹೀಗೆ ಹತ್ತು ಸಾಲು, ಕೆಳಗೆ ಐದು ಪ್ರಶ್ನೆ.

ನಮ್ಮ ಅಂಗಳದಲ್ಲಿದ್ದದ್ದು ಒಂದೇ ಒಂದು ಹೊಂಗೆ ಮರ. ಅದರ ಕೊಂಬೆ ತರಗತಿಯ ಕಿಟಕಿಗೇ ತಾಗುತ್ತಿತ್ತು. ಮಕ್ಕಳು ಆ ಕಿಟಕಿಯ ಪಕ್ಕದಲ್ಲೇ ಕುಳಿತು, ಅಂಗಳದಲ್ಲಿ ಎಷ್ಟು ತೆಂಗಿನ ಮರಗಳಿವೆ ಎಂಬ ಪ್ರಶ್ನೆಗೆ ಎರಡು ಎಂದು ಬರೆದರು. ಎಲ್ಲರೂ. ನೋಟ್ ಪುಸ್ತಕಗಳನ್ನು ತರಿಸಿಕೊಂಡು ಒಂದೊಂದಾಗಿ ನೋಡಿದೆ. ನಲವತ್ತಾರು ಸರಿಯುತ್ತರಗಳು.

ಕಿಟಕಿಯಾಚೆ ನೋಡಿ ಎಂದೆ, ಅಷ್ಟೇ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ನಗು ಹೊರಟು ಮುಂದಿನ ಬೆಂಚಿನ ತನಕ ಬಂತು. ಚೆನ್ನಾಗಿ ಓದುವ ಆ ಹುಡುಗಿ ಮಾತ್ರ ನಗಲಿಲ್ಲ. ಮುಖ ಕೆಂಪಗಾಗಿಸಿಕೊಂಡು ಎದ್ದು ನಿಂತಳು.

"ನೀವು ಬರ್ದಿದ್ದಲ್ವಾ ಮಿಸ್. ನೀವು ಸುಳ್ಳು ಬರೀತೀರ ಅಂತ ನಮಗೆ ಹೆಂಗ್ ಗೊತ್ತಾಗ್ಬೇಕು?"

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಅವಳು ನನ್ನ ಮೇಲೆ ಕೋಪಿಸಿಕೊಂಡದ್ದು ಅದೇ ಮೊದಲು.

"ಅದನ್ನೇ ಇವತ್ತು ಕಲಿಯೋಣ, ಕೂತ್ಕೋ" ಎಂದೆ.

ಆ ಒಂದು ಪುಟದ ಮೇಲೆ ಎರಡು ವಾರ ಕಳೆದೆವು. ತೆಂಗಿನ ಮರ ಸುಲಭವಾಗಿತ್ತು, ಕಣ್ಣು ಬಿಟ್ಟರೆ ಸಾಕು. ಹುಡುಗಿಯರಿಗೆ ಆಟ ಇಷ್ಟವಿಲ್ಲ ಎಂಬ ಸಾಲು ದೊಡ್ಡ ಜಗಳವನ್ನೇ ಎಬ್ಬಿಸಿತು. ಹುಡುಗರು ಅದು ನಿಜವೇ ಎಂದರು. ಹುಡುಗಿಯರು, ಚೆಂಡು ಯಾವಾಗಲೂ ನಿಮ್ಮ ಹತ್ತಿರವೇ ಇರುತ್ತದಲ್ಲ, ಇಷ್ಟವಿದೆಯೋ ಇಲ್ಲವೋ ಎಂದು ಯಾರು ಕೇಳಿದರು ಎಂದರು. ಅದು ಕಣ್ಣಿಗೆ ಕಂಡದ್ದೋ ಬರೆದವರಿಗೆ ಅನಿಸಿದ್ದೋ ಎಂದು ನಾನು ಕೇಳಿದೆ. ಅನಿಸಿದ್ದು ಎಂದು ಒಪ್ಪುವುದಕ್ಕೆ ಹುಡುಗರಿಗೆ ಮೂರು ದಿನ ಹಿಡಿಯಿತು.

ಕಷ್ಟವಾದದ್ದು ಮೂರನೆಯ ಸಾಲು. ಹಳ್ಳಿಯ ಮಕ್ಕಳು ತಡವಾಗಿ ಬರುತ್ತಿದ್ದದ್ದು ನಿಜ. ಹೊಸ ಮನೆಗಳ ಮಕ್ಕಳು, ಇದರಲ್ಲಿ ಸುಳ್ಳೇನೂ ಇಲ್ಲ ಮಿಸ್, ಎಂದರು. ಹಳ್ಳಿಯ ಮಕ್ಕಳು ತಲೆ ತಗ್ಗಿಸಿದರು. ಆಗ ಎದ್ದವಳು, ಜೋಡಕ್ಷರ ಬಂದರೆ ಇವತ್ತಿಗೂ ತೊದಲುತ್ತಿದ್ದ, ನಾನು ವರ್ಷಗಳಿಂದ ದಡ್ಡಿಯೆಂದು ಲೆಕ್ಕ ಹಾಕಿ ಪಕ್ಕಕ್ಕಿಟ್ಟಿದ್ದ ಒಬ್ಬ ಹುಡುಗಿ. ಬೆಳಿಗ್ಗೆ ಐದಕ್ಕೆದ್ದು ಹಸು ಕರೆದು, ಹೊಸ ಮನೆಗಳಿಗೆಲ್ಲ ಹಾಲು ಹಾಕಿ ಬರುವಷ್ಟರಲ್ಲಿ ಹತ್ತಾಗುತ್ತದೆ ಎಂದಳು. ಎದುರು ಬೆಂಚಿನವರ ಕಡೆ ತಿರುಗಿ, ನಿಮ್ಮನೆಗೂ ನಾನೇ ಹಾಕೋದು, ನಿಮ್ಮ ಕಾಫಿಗೆ ನಾನು ಲೇಟು, ಎಂದು ಕೂತಳು.

ನಿಜವಾದ ಮಾತೂ ಅರ್ಧ ಬಿಟ್ಟು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಬೇರೆ ಉದಾಹರಣೆ ಹುಡುಕಬೇಕಾಗಲಿಲ್ಲ. ಚೆನ್ನಾಗಿ ಓದುವುದು ಬೇರೆ, ಓದಿದ್ದನ್ನು ಅಳೆಯುವುದು ಬೇರೆ ಎಂದು ಆ ದಿನ ನೋಟ್ ಪುಸ್ತಕದಲ್ಲಿ ಬರೆದು, ಆ ಹುಡುಗಿಗೆ ಜೋಡಕ್ಷರ ಕಲಿಸಲು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಾಲು ಗಂಟೆ ಎಂದೂ ಬರೆದುಕೊಂಡೆ. ಎರಡನ್ನೂ ಬಿಡುವಂತಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಬರಡು ಭೂಮಿಯ ಪಾಠಕ್ಕೆ ಮರಳಿದೆವು. ಈ ಸಲ ನಾನು ಏನೂ ಕೇಳಲಿಲ್ಲ. ಓದಿ ಮುಗಿಸಿದ ಹುಡುಗಿ ತಾನೇ ತಲೆಯೆತ್ತಿ, ಇದನ್ನು ಬರೆದವರು ಇಲ್ಲಿಗೆ ಬಂದಿದ್ದರಾ ಮಿಸ್ ಎಂದಳು. ನನಗೆ ಗೊತ್ತಿಲ್ಲ, ಯಾರನ್ನು ಕೇಳಿದರೆ ಗೊತ್ತಾಗುತ್ತದೆ ಎಂದೆ. ಮರುದಿನ ಅವಳು ಅಜ್ಜಿಯನ್ನು ಕರೆದುಕೊಂಡೇ ಬಂದಳು.

ಅಜ್ಜಿ ಒಳಗೆ ಬರಲು ಒಪ್ಪದೆ ಬಾಗಿಲ ಹೊರಗೇ ನಿಂತರು. ಕುರ್ಚಿ ಹಾಕಿಸಿದರೂ ಕೂರಲಿಲ್ಲ. ಮೊಮ್ಮಗಳು ಪಾಠದ ಆ ಸಾಲನ್ನು ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಎರಡು ಸಲ ಓದಿಸಿದರು.

"ಯಾರ್ ತಾಯಿ ಹಂಗ್ ಬರ್ದವ್ರೆ? ಅವ್ರು ಯಾವ ತಿಂಗಳಲ್ಲಿ ಬಂದು ನೋಡಿದ್ರಂತೆ?" ಎಂದು ಕೇಳಿದರು. "ಕುಯ್ದಾದ್ ಮೇಲೆ ಬಂದಿದ್ರೆ ಎಲ್ಲಾ ಬರಡಾಗೇ ಕಾಣತ್ತೆ."

ಒಂದಕ್ಷರವೂ ಬಾರದ ಆ ಹೆಂಗಸಿನ ಬಾಯಲ್ಲಿ ನಾನು ನಾಲ್ಕು ತಿಂಗಳಿಂದ ಮಕ್ಕಳಿಗೆ ಕಲಿಸಲು ಹೆಣಗುತ್ತಿದ್ದ ಪ್ರಶ್ನೆ ಇಷ್ಟು ಸಲೀಸಾಗಿ ಬಂತು. ಆಮೇಲೆ ಅವರು ಅಂಗಳಕ್ಕೆ ನಡೆದು, ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಕೈ ಚಾಚಿ ತೋರಿಸಿದರು. ಕೆರೆಯ ಕಡೆಗೆ ಗದ್ದೆ, ಈಚೆಗೆ ರಾಗಿ, ಸಾಲು ಸಾಲಾಗಿ ಅವರೆ, ಬಾವಿಯ ಪಕ್ಕ ಕನಕಾಂಬರ. ರಾಗಿ ಇದ್ದ ಕಡೆ ಈಗ ಒಂದು ಸಾಲು ಹೊಸ ಮನೆಗಳಿದ್ದವು. ಅವುಗಳಲ್ಲೊಂದು ನಮ್ಮ ತರಗತಿಯ ಇನ್ನೊಬ್ಬ ಹುಡುಗಿಯದು. ಅವಳು ಆ ಕಡೆಗೇ ನೋಡುತ್ತ ಕೇಳಿಕೊಂಡಳು.

ಮರುದಿನ ಬೆಳಿಗ್ಗೆ ಅವಳ ತಂದೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿದ್ದರು. ಆಫೀಸಿಗೆ ಹೊರಟವರು, ಕೈಯಲ್ಲಿ ಊಟದ ಡಬ್ಬಿ ಹಾಗೇ ಇತ್ತು. ಪಾಠ ಮುಗಿಯುತ್ತಿಲ್ಲ, ಮಗಳು ಮನೆಯಲ್ಲಿ ಪೇಪರ್ ಓದಿದರೂ ಇದನ್ನು ಯಾರು ಹೇಳಿದ್ದು ಎನ್ನುತ್ತಾಳೆ, ಪರೀಕ್ಷೆಯಲ್ಲಿ ಹೀಗೆಲ್ಲ ಬರೆದರೆ ಅಂಕ ಕೊಡುತ್ತಾರಾ ಎಂದು ದೂರು ಹೇಳಿದರು. ಆದರೆ ಅವರನ್ನು ಎಬ್ಬಿಸಿ ಕರೆತಂದದ್ದು ಬೇರೆ ಮಾತು. ಅದು ಕೊನೆಗೆ ಬಂತು.

"ನಿನ್ನೆಯಿಂದ ಮಗಳು ಊಟ ಸರಿಯಾಗಿ ಮಾಡಿಲ್ಲ. ನಮ್ಮನೆ ಬೇರೆಯವ್ರ ಹೊಲದಲ್ಲಿದೆ ಅಂತಾಳೆ. ನಾವೇನು ಕಿತ್ಕೊಂಡಿದ್ದೀವಾ ಮೇಡಂ? ಅಲಾಟ್ ಆದ ಸೈಟು. ಸಿದ್ದಾಪುರದಲ್ಲಿ ಒಂದೇ ರೂಮಲ್ಲಿ ಹದಿನಾಲ್ಕು ವರ್ಷ ಇದ್ವಿ, ಗೊತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ಅಜ್ಜಿಯ ಮಾತು ಕೇಳಿಸಿ ಪಾಠ ಪೂರ್ತಿಯಾಯಿತು ಎಂದುಕೊಂಡಿದ್ದೆ. ಏನನ್ನು ಹೇಳದೆ ಬಿಟ್ಟಿದ್ದಾರೆ ಎಂಬ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದವಳು, ನನ್ನ ತರಗತಿಯಲ್ಲಿ ಬಿಟ್ಟುಹೋದದ್ದನ್ನೇ ನೋಡಿರಲಿಲ್ಲ. ಮುಖ್ಯೋಪಾಧ್ಯಾಯಿನಿ ನನ್ನ ಕಡೆ ನೋಡಿದರು. ಇದನ್ನೆಲ್ಲ ಇಲ್ಲಿಗೆ ನಿಲ್ಲಿಸುತ್ತೀಯಾ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ನಿಲ್ಲಿಸಿದರೆ, ಮಕ್ಕಳು ಕಲಿಯುವುದು ಪ್ರಶ್ನೆ ಕೇಳಿದರೆ ದೊಡ್ಡವರು ಬಂದು ಬಾಯಿ ಮುಚ್ಚಿಸುತ್ತಾರೆ ಎಂಬುದನ್ನು. ನಾನು ಆ ತಂದೆಗೆ ಹೇಳಿದೆ:

"ಸಾರ್, ನೀವು ಈಗ ಹೇಳಿದ್ದನ್ನ ಮಕ್ಕಳ ಮುಂದೆ ಬಂದು ಹೇಳ್ತೀರಾ? ಅವರು ಅಜ್ಜಿ ಮಾತು ಕೇಳಿದ್ದಾರೆ. ನಿಮ್ಮದು ಕೇಳಿಲ್ಲ."

ಅವರು ಬರುವುದಿಲ್ಲ ಎಂದೇ ಹೇಳಿ ಹೋದರು. ಆದರೆ ಶನಿವಾರ ಬಂದರು, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು. ಸಿದ್ದಾಪುರದ ವಠಾರದ ಬಗ್ಗೆ ಹೇಳಿದರು. ಹತ್ತು ಮನೆಗೆ ಒಂದು ನಲ್ಲಿ, ಮಗಳು ಹುಟ್ಟಿದಾಗ ತೊಟ್ಟಿಲು ಕಟ್ಟಲು ಜಾಗವಿಲ್ಲದೆ ಬಾಗಿಲ ಚೌಕಟ್ಟಿಗೆ ಕಟ್ಟಿದ್ದು, ಸೈಟು ಬಂದಿದೆ ಎಂಬ ಕಾಗದವನ್ನು ಹೆಂಡತಿಗೆ ಮೂರು ಸಲ ಓದಿ ಹೇಳಿದ್ದು. ಹಳ್ಳಿಯ ಮಕ್ಕಳು ಅಲುಗಾಡದೆ ಕೇಳಿದರು. ಮುಗಿದ ಮೇಲೆ, ಏನಾದರೂ ಕೇಳಬೇಕಾ ಎಂದೆ. ಅಜ್ಜಿಯ ಮೊಮ್ಮಗಳು ಎದ್ದಳು.

"ಅಂಕಲ್, ಸೈಟು ನೋಡಕ್ಕೆ ಮೊದಲ್ನೇ ಸಲ ಬಂದಾಗ ಇಲ್ಲಿ ಏನಿತ್ತು?"

ಅವರು ಕಿಟಕಿಯಾಚೆ ನೋಡುತ್ತ ನಿಂತರು.

"ಕಲ್ಲು ನೆಟ್ಟಿದ್ರು" ಎಂದರು. "ಕಲ್ಲಿನ ಸುತ್ತ ಒಣಗಿದ ಕಡ್ಡಿ ಇತ್ತು, ಮೋಟು ಮೋಟಾಗಿ, ಸಾಲಾಗಿ. ಕಾಲಿಗೆ ಚುಚ್ತಿತ್ತು. ಅದು ರಾಗಿ ಕೂಳೆ ಅಂತ ಈಗ ಅರ್ಥ ಆಗ್ತಿದೆ."

ಅವಳು ಥ್ಯಾಂಕ್ಸ್ ಅಂಕಲ್ ಎಂದು ಕುಳಿತಳು. ಅವರ ಮಗಳು ಮೊದಲ ಸಾಲಿನಿಂದ ಎದ್ದು, ಎರಡು ಬೆಂಚು ದಾಟಿ ಬಂದು ಅವಳ ಪಕ್ಕದಲ್ಲಿ ಕುಳಿತದ್ದನ್ನು ನಾನು ನೋಡಿಯೂ ನೋಡದವಳಂತೆ ಇದ್ದೆ.

ಆ ತಂದೆ ಎತ್ತಿದ್ದ ಪರೀಕ್ಷೆಯ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಅದನ್ನು ತಳ್ಳಿಹಾಕುವ ಹಕ್ಕು ನನಗಿರಲಿಲ್ಲ, ಮಕ್ಕಳು ಪಾಸಾಗಲೇಬೇಕಿತ್ತು. ಕೊನೆಗೆ ಒಂದು ನಿಯಮ ಮಾಡಿಕೊಂಡೆವು. ಪುಸ್ತಕ ಹೇಳಿದ್ದನ್ನು ಮೊದಲು ಪೂರ್ತಿಯಾಗಿ, ತಿರುಚದೆ ಬರೆಯಬೇಕು. ಪಾಠದಲ್ಲಿ ಹೀಗೆ ಹೇಳಿದೆ ಎಂದು ಶುರುಮಾಡಬೇಕು. ಬೇರೆ ತಿಳಿದಿದ್ದರೆ ಅದು ಹೇಗೆ ತಿಳಿಯಿತೆಂದು ಹೇಳಿ ಕೆಳಗೆ ಒಂದೇ ಸಾಲು ಬರೆಯಬೇಕು. ಒಪ್ಪುವುದಿಲ್ಲ ಎನ್ನುವ ಮೊದಲು ಪುಸ್ತಕ ಹೇಳಿದ್ದನ್ನು ಸರಿಯಾಗಿ ಹೇಳುವುದು ಎಷ್ಟು ಕಷ್ಟ ಎಂಬುದು ಆಗಲೇ ಅವರಿಗೂ ನನಗೂ ತಿಳಿದದ್ದು.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬರಡು ಭೂಮಿಯ ಪ್ರಶ್ನೆ ಬಂದೇ ಬಂತು. ಪತ್ರಿಕೆ ತಿದ್ದಿದವರು ಪಕ್ಕದ ತರಗತಿಯ ಮೇಷ್ಟ್ರು. ಹದಿನೇಳು ಪತ್ರಿಕೆಗಳಲ್ಲಿ ಆ ಹೆಚ್ಚಿನ ಸಾಲು ಕಂಡು ಕೆಂಪು ಗೀಟು ಹಾಕಿ ಸೊನ್ನೆ ಕೊಟ್ಟಿದ್ದರು. ನಾನು ಪತ್ರಿಕೆಗಳನ್ನು ಹೊತ್ತು ಮುಖ್ಯೋಪಾಧ್ಯಾಯಿನಿಯ ಬಳಿ ಹೋದೆ. ಮೇಷ್ಟ್ರೂ ಬಂದರು, ಹೀಗೆ ಬಿಟ್ಟರೆ ನಾಳೆ ಲೆಕ್ಕದಲ್ಲೂ ನಮ್ಮಜ್ಜಿ ಬೇರೆ ಹೇಳಿದರು ಅನ್ನುತ್ತಾರೆ ಎಂದರು. ಆಕೆ ಕನ್ನಡಕ ಹಾಕಿಕೊಂಡು ಹದಿನೇಳನ್ನೂ ಓದಿದರು.

"ಕೇಳಿದ್ದಕ್ಕೆ ಉತ್ತರ ಇದೆಯಲ್ಲ ಮೇಷ್ಟ್ರೆ. ಆ ಇನ್ನೊಂದು ಸಾಲಿಗೆ ಅಂಕ ಕೊಡ್ಬೇಡಿ. ಕಳೀಲೂ ಬೇಡಿ."

ಅಷ್ಟೇ. ದೊಡ್ಡ ಗೆಲುವೇನಲ್ಲ. ಆದರೆ ಕೆಂಪು ಗೀಟಿನ ಪಕ್ಕ ಸೊನ್ನೆಯ ಬದಲು ಅಂಕ ಹೊತ್ತ ಪತ್ರಿಕೆ ಮಕ್ಕಳ ಕೈ ಸೇರಿತು.

ವರ್ಷ ಮುಗಿಯುವ ಮೊದಲು ಮಕ್ಕಳು ಪುಸ್ತಕದ ಪ್ರಕಾಶಕರಿಗೆ ಒಂದು ಕಾಗದ ಬರೆದರು. ಅಜ್ಜಿ ಹೇಳಿದ್ದನ್ನೂ ಸೈಟಿನ ಅಂಕಲ್ ಹೇಳಿದ್ದನ್ನೂ ಬರೆದು, ಬರಡು ಎಂಬ ಮಾತನ್ನು ತೆಗೆಯಿರಿ ಎಂದು ಕೇಳಿದರು. ಐದು ಸಲ ತಿದ್ದಿ ಬರೆದ ಕಾಗದ. ಮೂರು ವಾರಕ್ಕೆ ಒಂದು ಪೋಸ್ಟ್ ಕಾರ್ಡು ಬಂತು. ತಮ್ಮ ಸಲಹೆಯನ್ನು ಪರಿಶೀಲಿಸಲಾಗುವುದು ಎಂದಿತ್ತು. ನಾನು ಖುಷಿಯಿಂದ ಓದಿ ಹೇಳಿದೆ. ಹಾಲು ಹಾಕುವ ಹುಡುಗಿ ಕಾರ್ಡು ಈಸಿಕೊಂಡು, ಜೋಡಕ್ಷರಗಳನ್ನು ಬಿಡಿಸಿಕೊಂಡು ತಾನೇ ಓದಿದಳು.

"ಯಾರು ಪರಿಶೀಲಿಸ್ತಾರೆ ಅಂತ ಬರ್ದಿಲ್ವಲ್ಲ ಮಿಸ್. ಯಾವಾಗ ಅಂತಾನೂ ಇಲ್ಲ."

ಅವಳು ಹೇಳಿದ್ದು ಸರಿ. ಯಾರೂ ಪರಿಶೀಲಿಸಲಿಲ್ಲ. ಮುಂದಿನ ವರ್ಷ ಬಂದ ಪುಸ್ತಕದಲ್ಲಿ ರಟ್ಟಿನ ಬಣ್ಣ ಮಾತ್ರ ಬದಲಾಗಿತ್ತು. ಒಳಗೆ ಭೂಮಿ ಬರಡಾಗಿಯೇ ಇತ್ತು. ನನಗೆ ಬೇಸರವಾಯಿತು, ಆದರೆ ಎದೆಗುಂದಲಿಲ್ಲ. ಪುಸ್ತಕ ತಿದ್ದಿಸುತ್ತೇನೆ ಎಂದು ನಾನು ಹೊರಟಿರಲಿಲ್ಲ. ಅದನ್ನು ಓದುವವರನ್ನು ತಯಾರು ಮಾಡಬೇಕಿತ್ತು. ನಲವತ್ತಾರರಲ್ಲಿ ಎಷ್ಟು ಮಂದಿ ತಯಾರಾದರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಕೆಲವರು ಬರೀ ವಾದ ಮಾಡುವುದನ್ನು ಕಲಿತರು. ಕೆಲವರು ಕೊನೆಯ ತನಕ ನನ್ನ ಮುಖವನ್ನೇ ಓದುತ್ತಿದ್ದರು. ಅವೆಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದಿಟ್ಟೆ, ಮುಂದಿನ ವರ್ಷ ಎಲ್ಲಿ ಎಡವಬಾರದು ಎಂದು ತಿಳಿಯಲು.

ಜೂನ್ ಬಂತು. ಹೊಸ ಏಳನೇ ತರಗತಿ, ಐವತ್ತೆರಡು ಮಕ್ಕಳು. ಮೊದಲ ದಿನವೇ ಮೂರು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ತಿರುಗಿದೆ. ಐವತ್ತೆರಡು ತಲೆಗಳು ನೋಟ್ ಪುಸ್ತಕದ ಮೇಲೆ ಬಗ್ಗಿ, ಪ್ರಶ್ನೆಗಳನ್ನು ಮುತ್ತಿನಂಥ ಅಕ್ಷರಗಳಲ್ಲಿ ನಕಲು ಮಾಡುತ್ತಿದ್ದವು. ಮುಂದಿನ ಬೆಂಚಿನ ಪುಟ್ಟ ಹುಡುಗಿ ತಲೆಯೆತ್ತಿ, ಇದರ ಉತ್ತರ ಯಾವಾಗ ಬರೆಸುತ್ತೀರಿ ಮಿಸ್ ಎಂದು ಕೇಳಿದಳು. ನಾನು ಸೀಮೆಸುಣ್ಣವನ್ನು ಕೆಳಗಿಟ್ಟು, ಕೈ ಕೊಡವಿಕೊಂಡು ಅವಳ ಬೆಂಚಿನ ಬಳಿಗೆ ಹೋದೆ.

"ನಾನು ಬರೆಸಲ್ಲಮ್ಮ" ಎಂದೆ. "ಪೆನ್ಸಿಲ್ ಕೆಳಗಿಡು. ಮಾತಾಡೋಣ."